ರೇಶನ್ ಅಂಗಡಿಯ ಫಲಕದಲ್ಲಿ ಕನ್ನಡವೆಲ್ಲಿ?

ಗಡಿನಾಡ ಕನ್ನಡ ಬಂಧುಗಳೇ,

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಕ್ಕಲಕೋಟೆ, ಜತ್ತ ಸೀಮೆಗಳು ಕನ್ನಡ ನಾಡಿನಿಂದ ಹೊರಗುಳಿದವು. ನಮ್ಮ ಮನೆಮಾತು ಮಾತ್ರ ಬದಲಾಗಲಿಲ್ಲ. ಆದರೂ ನಮ್ಮೂರ ರೇಶನ್ ಅಂಗಡಿಯ ಮುಂದೆ ನಾವು ಮೂಕರು. ದರಪಟ್ಟಿ ಮರಾಠಿ, ಚೀಟಿ ಮರಾಠಿ. ಕನ್ನಡವನ್ನೇ ಬಲ್ಲ ನಮ್ಮ ತಾಯಂದಿರು ಹೆಬ್ಬೆರಳೊತ್ತಿ, ಅಳೆದು ಕೊಟ್ಟಷ್ಟನ್ನೇ ಚೀಲಕ್ಕೆ ಹಾಕಿಕೊಂಡು ಮರಳುತ್ತಾರೆ.

2013ರ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯ ಸಲ್ಲಬೇಕು. ಸಂದಿತೋ ಇಲ್ಲವೋ ಎಂದು ಓದಿ ತಿಳಿಯಲಾಗದಿದ್ದರೆ ಆ ಹಕ್ಕಿದ್ದೂ ಫಲವೇನು?

ಮರಾಠಿಯೊಡನೆ ನಮಗೆ ಹಗೆಯಿಲ್ಲ. ಅದರ ಪಕ್ಕದಲ್ಲಿ ಕನ್ನಡವೂ ಇರಲಿ ಎಂಬುದೇ ನಮ್ಮ ಬೇಡಿಕೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿಯು ಕೊಟ್ಟಿದೆ. ಆದುದರಿಂದ ಕನ್ನಡದಲ್ಲಿಯೇ ಅರ್ಜಿ ಬರೆಯೋಣ. ಊರಿಗೆ ಊರೇ ಸಹಿ ಹಾಕೋಣ!