ಟೋಪಿ ಹಾಕಿಸಿಕೊಂಡವರ ಕಥೆ



ಅಟ್ಟದ ಮೇಲೆ ಕೊಬ್ಬರಿ ಒಣಗುತ್ತಿರಲಿ, ಅಷ್ಟರಲ್ಲಿ ಒಂದು ಕಥೆ ಕೇಳಿ. ಇದು ನಮ್ಮ ಗೂಳೂರಿನದಲ್ಲ, ಗುಬ್ಬಿಯದೂ ಅಲ್ಲ. ಇನ್ನೂರು ವರ್ಷದ ಹಿಂದೆ ಅಮೆರಿಕದಲ್ಲಿ ನಡೆದದ್ದು. ಓದಿ ಮುಗಿಸುವ ಹೊತ್ತಿಗೆ ಇದು ನಮ್ಮ ಮನೆ ಲೆಕ್ಕವೇ ಅನ್ನಿಸದಿದ್ದರೆ ನನ್ನನ್ನು ಕೇಳಿ.

ಆಗ ಯುರೋಪಿನ ದೊಡ್ಡ ಮನುಷ್ಯರಿಗೆ ಬೀವರ್ ತುಪ್ಪಳದ ಟೋಪಿಯೇ ಆಗಬೇಕು. ಬೀವರ್ ಅಂದರೆ ಹೊಳೆಗೆ ತಾನೇ ಒಡ್ಡು ಕಟ್ಟಿಕೊಂಡು ಬದುಕುವ ಒಂದು ಪ್ರಾಣಿ. 1822ರಲ್ಲಿ ಸೇಂಟ್ ಲೂಯಿಸ್ ಪಟ್ಟಣದ ಪತ್ರಿಕೆಯಲ್ಲಿ ವಿಲಿಯಂ ಆಶ್ಲಿ ಎಂಬಾತ ಜಾಹೀರಾತು ಕೊಟ್ಟ: ಮಿಸ್ಸೂರಿ ನದಿಯ ಮೇಲಕ್ಕೆ ಹೋಗಲು ನೂರು ಮಂದಿ ಸಾಹಸಿ ತರುಣರು ಬೇಕು. ಹುಡುಗರು ಹೊರಟೇಬಿಟ್ಟರು. ಜಿಮ್ ಬ್ರಿಡ್ಜರ್, ಜೆಡಿಡಯಾ ಸ್ಮಿತ್ ಹಾಗೆ ಹೋದವರೇ.

ಅವರ ಬದುಕು ಸುಲಭದ್ದಲ್ಲ. ಹಿಮ ಕರಗಿದ ನೀರಲ್ಲಿ ತೊಡೆಮಟ್ಟ ನಿಂತು, ಕಾಲು ಕಚ್ಚುವ ಕಬ್ಬಿಣದ ಬೋನನ್ನು ನೀರೊಳಗೆ ಇಡಬೇಕು. ಬೆಳಗ್ಗೆ ಮತ್ತೆ ಅದೇ ನೀರಿಗೆ ಇಳಿಯಬೇಕು. ಸಿಕ್ಕ ಪ್ರಾಣಿಯ ತೊಗಲು ಸುಲಿದು, ಕೆರೆದು, ಬಿಗಿದು ಒಣಗಿಸಬೇಕು. ಕೀಲುನೋವು ಕಟ್ಟಿಟ್ಟ ಬುತ್ತಿ. 1823ರಲ್ಲಿ ಹ್ಯೂ ಗ್ಲಾಸ್ ಎಂಬುವನನ್ನು ಕರಡಿ ಹರಿದುಹಾಕಿತು. ಸತ್ತನೆಂದು ಜೊತೆಯವರು ಬಿಟ್ಟುಹೋದರೂ ತೆವಳಿಕೊಂಡು ಬಂದು ಬದುಕಿದ. ಸ್ಮಿತ್ 1831ರಲ್ಲಿ ಮೂವತ್ತೆರಡರ ವಯಸ್ಸಿಗೇ ದಾರಿಯಲ್ಲಿ ಹತನಾದ. ಅವರು ತುಳಿದ ನೆಲ ಅಲ್ಲಿನ ಮೂಲನಿವಾಸಿಗಳದ್ದು, ಅದನ್ನೂ ಮರೆಯಬಾರದು. ನಾನು ಅವರನ್ನು ಹೊಗಳಲು ಬಂದಿಲ್ಲ. ಅವರ ಲೆಕ್ಕದ ಪುಸ್ತಕ ತೆರೆದು ತೋರಿಸಲು ಬಂದಿದ್ದೇನೆ.

1825ರಿಂದ 1840ರವರೆಗೆ ಹೆಚ್ಚುಕಡಿಮೆ ಪ್ರತಿ ಬೇಸಿಗೆಯಲ್ಲೂ ಬೆಟ್ಟದ ನಡುವೆ ಒಂದು ಜಾತ್ರೆ ಸೇರುತ್ತಿತ್ತು. ನಮ್ಮ ಗೂಳೂರು ಗಣೇಶನ ಜಾತ್ರೆ ಇದ್ದ ಹಾಗೆ ಅಂದುಕೊಳ್ಳಿ. ಆದರೆ ನಮ್ಮ ಜಾತ್ರೆಯಲ್ಲಿ ಈ ಅಂಗಡಿಯಲ್ಲಿ ದರ ಕುದುರದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತೀರಿ. ಅಲ್ಲಿ ಮೊದಲಿಗೆ ಇದ್ದದ್ದು ಒಂದೇ ಅಂಗಡಿ. ಸಕ್ಕರೆ, ಕಾಫಿ, ಹೊಗೆಸೊಪ್ಪು, ಮದ್ದುಗುಂಡು ಮಾರುವವನೂ ಅವನೇ, ತುಪ್ಪಳ ಕೊಳ್ಳುವವನೂ ಅವನೇ. 1825ರಲ್ಲಿ ಆಶ್ಲಿ ಒಂದು ಪೌಂಡ್ ತುಪ್ಪಳಕ್ಕೆ ಕೊಟ್ಟದ್ದು ಸುಮಾರು 3 ಡಾಲರ್. ಒಂದು ಪೌಂಡ್ ಸಕ್ಕರೆಗೆ ಕಿತ್ತುಕೊಂಡದ್ದು ಒಂದೂವರೆ ಡಾಲರ್! ಪಟ್ಟಣದ ದರಕ್ಕೆ ಎಷ್ಟೋ ಪಟ್ಟು. ಎರಡು ಪೌಂಡ್ ಸಕ್ಕರೆ ಬಾಯಿಗೆ ಬೀಳಬೇಕಾದರೆ ಒಂದು ಪೌಂಡ್ ತುಪ್ಪಳ ತೆರಬೇಕು. ಆಮೇಲೆ ನೀರು ಬೆರೆಸಿದ ಹೆಂಡ ಬೇರೆ. ವರ್ಷವೆಲ್ಲ ದುಡಿದದ್ದು ಕೆಲವೇ ದಿನದಲ್ಲಿ ಕರಗಿ, ಬರುವ ವರ್ಷದ ಬೋನಿಗೂ ಮದ್ದಿಗೂ ಸಾಲ ಬರೆಸಿಕೊಂಡು ಮತ್ತೆ ಬೆಟ್ಟ ಹತ್ತುತ್ತಿದ್ದರು.

ಆಶ್ಲಿ ಏನಾದ? ಸರಕು ಸಾಗಿಸಿ ಮಾರುವುದರಲ್ಲೇ ಲಾಭ ಎಂದು ಬೇಗ ಕಂಡುಕೊಂಡು, 1826ರಲ್ಲಿ ಬೇಟೆಯ ವ್ಯವಹಾರವನ್ನು ಸ್ಮಿತ್ ಮತ್ತು ಇಬ್ಬರು ಪಾಲುದಾರರಿಗೆ ಮಾರಿ ಪಟ್ಟಣ ಸೇರಿದ. 1831ರಲ್ಲಿ ಅಮೆರಿಕದ ಸಂಸತ್ತಿಗೂ ಆರಿಸಿ ಹೋದ. ಬೋನು ಇಟ್ಟವನಿಗೆ ಕೀಲುನೋವು, ಸಕ್ಕರೆ ಮಾರಿದವನಿಗೆ ಕುರ್ಚಿ.

ಇನ್ನೊಂದು ಪಾಠ ಕೇಳಿ. 1830ರಲ್ಲಿ ಬ್ರಿಡ್ಜರ್ ಮತ್ತು ನಾಲ್ವರು ಬೇಟೆಗಾರರು ಸೇರಿ ತಮ್ಮದೇ ಕಂಪನಿ ಕಟ್ಟಿದರು, ರಾಕಿ ಮೌಂಟನ್ ಫರ್ ಕಂಪನಿ ಅಂತ. ಆದರೆ ಸರಕು ತರುವ ದಾರಿ, ಮಾಲು ಮಾರುವ ದಾರಿ ಎರಡೂ ವಿಲಿಯಂ ಸಬ್ಲೆಟ್ ಎಂಬ ವರ್ತಕನ ಕೈಲಿತ್ತು. ನಾಲ್ಕೇ ವರ್ಷದಲ್ಲಿ ಅವನ ಸಾಲದಲ್ಲಿ ಮುಳುಗಿ 1834ರಲ್ಲಿ ಕಂಪನಿ ಮುಚ್ಚಿತು. ಹೆಸರಿಗೆ ಮಾಲೀಕರಾದರೆ ಸಾಲದು ಸ್ವಾಮಿ, ತಕ್ಕಡಿಯೂ ಕೈಲಿರಬೇಕು.

ಸರಕಾರ ಏನು ಮಾಡುತ್ತಿತ್ತು ಅನ್ನುತ್ತೀರಾ? 1796ರಿಂದ ಅಲ್ಲಿನ ಸರಕಾರವೇ ಮೂಲನಿವಾಸಿಗಳಿಗಾಗಿ ಅಂಗಡಿಗಳನ್ನು ತೆರೆದಿತ್ತು. ನ್ಯಾಯವಾದ ದರಕ್ಕೆ ಸಾಮಾನು ಕೊಟ್ಟು ತುಪ್ಪಳ ಕೊಳ್ಳುವುದು ಅದರ ಉದ್ದೇಶ. ದೊಡ್ಡ ವರ್ತಕರಿಗೆ ಇದು ಕಣ್ಣುರಿ. ಅಮೆರಿಕನ್ ಫರ್ ಕಂಪನಿಯ ಜಾನ್ ಜೇಕಬ್ ಆಸ್ಟರ್ ಕಡೆಯವರು ಒತ್ತಡ ತಂದರು, ಸೆನೆಟರ್ ಥಾಮಸ್ ಹಾರ್ಟ್ ಬೆಂಟನ್ ಅವರ ಪರ ನಿಂತ, 1822ರಲ್ಲಿ ಆ ಅಂಗಡಿಗಳ ಬಾಗಿಲು ಹಾಕಿಸಿದರು. ಆಮೇಲೆ ಮೈದಾನವೆಲ್ಲ ವರ್ತಕರದ್ದೇ.

ಕೊನೆಗೆ ಯುರೋಪಿನಲ್ಲಿ ಷೋಕಿ ಬದಲಾಯಿತು, ರೇಷ್ಮೆ ಟೋಪಿ ಬಂತು. ಆಸ್ಟರ್ ಅದನ್ನು ಮೊದಲೇ ಕಂಡು 1834ರಲ್ಲಿ ಪಾಲು ಮಾರಿ ಹೊರಬಂದ. ಸಾಯುವಾಗ ಅಮೆರಿಕಕ್ಕೇ ದೊಡ್ಡ ಶ್ರೀಮಂತ. ಹೊಳೆಯಲ್ಲಿ ನಿಂತವನಿಗೆ ಸುದ್ದಿ ಮುಟ್ಟಿದ್ದು ಬೆಲೆ ಬಿದ್ದ ಮೇಲೆ. ಅಷ್ಟರಲ್ಲಿ ಹೊಳೆಯ ಬೀವರೂ ಬಹುಪಾಲು ಮುಗಿದಿತ್ತು. 1840ಕ್ಕೆ ಜಾತ್ರೆ ನಿಂತಿತು. ಬ್ರಿಡ್ಜರ್ ಕೂಡ ಬುದ್ಧಿ ಕಲಿತು 1843ರಲ್ಲಿ ದಾರಿಹೋಕರಿಗೆ ಸಾಮಾನು ಮಾರುವ ಅಂಗಡಿ ಇಟ್ಟ! ಟೋಪಿ ಹಾಕಿಕೊಂಡವರು ಯುರೋಪಿನವರು, ಹಾಕಿಸಿಕೊಂಡವರು ಇವರು.

ಈಗ ನಮ್ಮ ಅಟ್ಟಕ್ಕೆ ಬನ್ನಿ. ವರ್ಷಗಟ್ಟಲೆ ಕಾಯಿ ಕಾಪಾಡಿ, ಸುಲಿದು, ಒಡೆದು ಉಂಡೆ ಕೊಬ್ಬರಿ ಮಾಡುವವರು ನಾವು. ಗೊಬ್ಬರದ ದರ ಹೇಳುವವನು ಅಂಗಡಿಯವನು, ಕೊಬ್ಬರಿ ದರ ಹೇಳುವವನು ಮಂಡಿಯವನು. ನಾವು ಹೇಳುವ ದರ ಯಾವುದು? 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ತಿಪಟೂರಿನಲ್ಲಿ ದರ 8,000ದ ಆಸುಪಾಸಿಗೆ ಕುಸಿಯಿತು. ಕೈಸಾಲದವನು ಬಾಗಿಲಲ್ಲಿ ನಿಂತಿದ್ದರೆ ಯಾರು ತಾನೇ ಕಾಯುತ್ತಾರೆ? 2025ರಲ್ಲಿ ಬೆಲೆ ಏರಿತು, ನಿಜ. ಆದರೆ ಸಾಲಕ್ಕೆ ಮೊದಲೇ ಮಾರಿಕೊಂಡವನ ಅಟ್ಟದಲ್ಲಿ ಆಗ ಏನಿತ್ತು?

ನಮ್ಮಪ್ಪ ಒಂದು ಮಂಡಿಯಲ್ಲಿ ಮುಂಗಡ ತಂದು ಅಕ್ಕನ ಮದುವೆ ಮಾಡಿದರು. ಆಮೇಲೆ ಐದು ವರ್ಷ ಕೊಬ್ಬರಿ ಅಲ್ಲಿಗೇ ಹೋಯಿತು. ನಾನು ಹೈಸ್ಕೂಲು ಹುಡುಗ, ಚೀಟಿ ಓದಿ ಹೇಳುವವನು ನಾನೇ. ಬಡ್ಡಿ, ಹಮಾಲಿ, ಕಳತ ಎಲ್ಲ ಮುರಿದು ಕೆಳಗೆ ಉಳಿಯುತ್ತಿದ್ದದ್ದು ಬಸ್ ಚಾರ್ಜು. ಅಪ್ಪ ಒಂದು ದಿನವೂ ದರ ಕೇಳಲಿಲ್ಲ. ಕೇಳುವ ಬಾಯಿಯನ್ನೇ ಮುಂಗಡಕ್ಕೆ ಅಡ ಇಟ್ಟಿದ್ದರು.

"ಅರ್ಧರಾತ್ರಿ ಆಸ್ಪತ್ರೆಗೆ ದುಡ್ಡು ಕೊಡುವವನು ಮಂಡಿಯವನೇ, ಸೊಸೈಟಿ ಕೊಡುತ್ತದೆಯೇ?" ಎಂದು ಕೇಳುವವರಿದ್ದಾರೆ. ಮಾತು ಸುಳ್ಳಲ್ಲ. ಆಶ್ಲಿಯೂ ಬೆಟ್ಟದ ಬುಡಕ್ಕೇ ಸಕ್ಕರೆ ತಂದುಕೊಟ್ಟ. ಉಪಕಾರ ದೊಡ್ಡದೇ, ಅದರ ಬೆಲೆ ಇನ್ನೂ ದೊಡ್ಡದು. ಆ ಅರ್ಧರಾತ್ರಿಯ ದುಡ್ಡನ್ನು ಕೊಡುವ ಶಕ್ತಿ ನಮ್ಮ ಸೊಸೈಟಿಗೆ ಬರುವ ತನಕ ನಮಗೆ ಬಿಡುಗಡೆ ಇಲ್ಲ.

ಅದಕ್ಕೇ ಹೇಳುತ್ತೇನೆ. ಬೆಳೆ ಮೇಲೆ ಮುಂಗಡ ತರಬೇಡಿ. ತಂದಿದ್ದರೆ ಮೊದಲು ಅದನ್ನು ತೀರಿಸಿ. ಗೊಬ್ಬರವನ್ನು ಊರಿನವರೆಲ್ಲ ಕೂಡಿ ಕೊಳ್ಳಿ, ಕೊಬ್ಬರಿಯನ್ನು ಕೂಡಿ ಮಾರಿ. ಖರೀದಿ ಕೇಂದ್ರ ಬೆಲೆ ಬಿದ್ದು ನಾವು ಬೀದಿಗಿಳಿದ ಮೇಲೆ ತೆರೆಯುವುದಲ್ಲ, ವರ್ಷವಿಡೀ ತೆರೆದಿರಲಿ ಎಂದು ಪಟ್ಟು ಹಿಡಿಯಿರಿ. ಅದರ ಬಾಗಿಲು ಹಾಕಿಸುವ ಬೆಂಟನ್‌ಗಳು ಇಲ್ಲೂ ಇದ್ದಾರೆ. ವೋಟು ಕೇಳಲು ನಿಮ್ಮ ಜಗಲಿಗೇ ಬರುತ್ತಾರೆ. ಕೂರಿಸಿ, ನೀರು ಕೊಡಿ, ಆಮೇಲೆ ಇದೊಂದನ್ನು ಕೇಳಿ: ನೀನು ಯಾರ ತಕ್ಕಡಿ ಕಡೆ, ಅಣ್ಣ?