ಬಲವರ್ಧಿತವಂತೆ, ದ್ರಾಕ್ಷಾರಸವಂತೆ!

‘ಫೋರ್ಟಿಫೈಡ್’ ಎಂಬ ಇಂಗ್ಲಿಷ್ ಶಬ್ದವು ಈಗ ನಮ್ಮಲ್ಲಿ ಅನ್ನದ ತಾಟಿನಿಂದ ಹಿಡಿದು ಮದ್ಯದ ಬಾಟಲಿಯವರೆಗೆ ಓಡಾಡುತ್ತಿದೆ. ನ್ಯಾಯಬೆಲೆ ಅಂಗಡಿಯ ‘ಫೋರ್ಟಿಫೈಡ್’ ಅಕ್ಕಿಗೆ ಕನ್ನಡದಲ್ಲಿ ‘ಸಾರವರ್ಧಿತ ಅಕ್ಕಿ’ ಎಂದು ಹೆಸರಾಗಿದೆ. ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಜೀವಸತ್ವ ಇವನ್ನು ಸೇರಿಸಿದ ಅಕ್ಕಿಯದು. ಆ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದೇ ಅಚ್ಚಿನಲ್ಲಿ ‘ಫೋರ್ಟಿಫೈಡ್ ವೈನ್’ ಎಂಬುದನ್ನೂ ಎರಕ ಹೊಯ್ದು ‘ಬಲವರ್ಧಿತ ದ್ರಾಕ್ಷಾರಸ’ ಎಂದು ಬರೆಯುವವರಿದ್ದಾರೆ. ಎರಡು ಶಬ್ದಗಳ ಈ ಸಮಾಸದಲ್ಲಿ ಎರಡೂ ಸುಳ್ಳು. ಅದು ರಸವಲ್ಲ, ಅದರಿಂದ ಕುಡಿದವನ ಬಲವೂ ವರ್ಧಿಸುವದಿಲ್ಲ.

ಭಾಷಾಂತರದ ತರಗತಿಯಲ್ಲಿ ಈ ಮಾತನ್ನು ಹಲಗೆಯ ಮೇಲೆ ಬರೆದು, ಇದರ ಅರ್ಥವೇನೆಂದು ನನ್ನ ವಿದ್ಯಾರ್ಥಿಗಳನ್ನು ಒಮ್ಮೆ ಕೇಳಿದೆ. ಮುಂದಿನ ಬೆಂಚಿನ ಜಾಣನೊಬ್ಬ ಕೂಡಲೆ ಎದ್ದು ನಿಂತ: “ದ್ರಾಕ್ಷಿ ಹಣ್ಣಿನ ರಸಕ್ಕ ವಿಟಾಮಿನ್ ಹಾಕಿರ್ತಾರ್ರೀ ಸರ್, ಅಕ್ಕಿಗಿ ಹಾಕಿದಂಗ.” ಹುಡುಗನ ತರ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ನಿಘಂಟು ಹೇಳಿದ್ದನ್ನೇ ಅವನು ನಂಬಿದ್ದ.

ತರಗತಿಯ ಮಾತು ತರಗತಿಯಲ್ಲಿಯೇ ಮುಗಿದಿದ್ದರೆ ನಾನು ಪತ್ರಿಕೆಯ ಜಾಗ ಹಾಳುಮಾಡುತ್ತಿರಲಿಲ್ಲ. ನಮ್ಮ ರಂಗಂಪೇಟೆಯ, ಪಕ್ಕದ ಸುರಪುರದ ಸಭ್ಯ ಮನೆಗಳ ಅಲಮಾರಿಯಲ್ಲಿ, ಕೆಮ್ಮಿನ ಔಷಧ ಮತ್ತು ಚ್ಯವನಪ್ರಾಶದ ನಡುವೆ, ಒಂದು ‘ಪೋರ್ಟ್ ವೈನ್’ ಬಾಟಲಿ ನಿಂತಿರುವದನ್ನು ನಾನು ಕಂಡಿದ್ದೇನೆ. ಅದು ಬಾಣಂತಿಗೆ, ಬಸುರಿಗೂ ಉಂಟು. ಸಂಬಂಧಿಕರ ಮನೆಯೊಂದರಲ್ಲಿ, ಸಿಂದಿ ಕುಡಿದು ಬಂದ ಆಳನ್ನು ಹೊಸ್ತಿಲು ತುಳಿಯಗೊಡದ ಹಿರಿಯಳೊಬ್ಬಳು ಹದಿನೈದು ದಿನದ ಬಾಣಂತಿಯ ಕೈಗೆ ಸ್ಟೀಲಿನ ಲೋಟ ಕೊಟ್ಟು, “ಕುಡಿಯವ್ವಾ, ರಕ್ತ ಆಗ್ತದ” ಎನ್ನುತ್ತಿದ್ದಳು. ಇದೇನಮ್ಮಾ ಎಂದು ನಾನು ಕೇಳಿದ್ದಕ್ಕೆ, “ಇದು ಸೆರಿ ಅಲ್ಲೋ ತಮ್ಮಾ, ದ್ರಾಕ್ಷಿ ರಸ. ಕಲಿತಾವ ನಿನಗಿಷ್ಟು ತಿಳಿಯಂಗಿಲ್ಲೇನು?” ಎಂದು ನನ್ನ ಎಂ.ಎ. ಪದವಿಗೇ ಕೈಯಿಟ್ಟಳು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಮದ್ಯಕ್ಕೆ ರಸವೆಂದು ಹೆಸರಿಟ್ಟವರ ಮೇಲಿದೆ.

ಹಾಗಾದರೆ ಅದು ಏನು? ಸುರಪುರ ಸೀಮೆಯವನಿಗೆ ಇದನ್ನು ತಿಳಿಸುವದು ಬಹಳ ಸುಲಭ. ಸಿಂದಿ ಬೇರೆ, ಸೆರೆ ಬೇರೆ ಎಂಬುದು ಇಲ್ಲಿ ಹುಟ್ಟಿದ ಪ್ರತಿಯೊಬ್ಬನಿಗೂ ಗೊತ್ತು. ಈಚಲು ಮರಕ್ಕೆ ಮಡಿಕೆ ಕಟ್ಟಿ ಇಳಿಸಿದ ರಸ ತಾನಾಗಿ ಹುದುಗಿದರೆ ಸಿಂದಿ. ಹುದುಗಿದ್ದನ್ನು ಒಲೆಯ ಮೇಲಿಟ್ಟು ಭಟ್ಟಿ ಇಳಿಸಿದರೆ ಸೆರೆ. ಮೊದಲನೆಯದರಲ್ಲಿ ಮದ್ಯಸಾರ ನೂರಕ್ಕೆ ನಾಲ್ಕೈದು ಪಾಲು, ಎರಡನೆಯದರಲ್ಲಿ ಅದರ ಹಲವು ಪಟ್ಟು. ವೈನ್ ಎಂಬುದು ದ್ರಾಕ್ಷಿಯ ಸಿಂದಿ; ಬ್ರಾಂದಿ ಎಂಬುದು ದ್ರಾಕ್ಷಿಯ ಸೆರೆ. ಈ ಸಿಂದಿಗೆ ಆ ಸೆರೆಯನ್ನು ಸುರಿದರೆ ಆಗುವದೇ ‘ಫೋರ್ಟಿಫೈಡ್ ವೈನ್’. ಬಲ ಬಂದದ್ದು ಮದ್ಯಕ್ಕೆ. ಕೋಟೆ ಕಟ್ಟಿದ್ದು, ಅದು ಕೆಡದಂತೆ ಅದರ ಸುತ್ತ.

ಸುರಿಯುವ ವೇಳೆಯಲ್ಲಿಯೇ ಕೌಶಲವೆಲ್ಲ ಅಡಗಿದೆ. ಪೋರ್ಚುಗಲ್ಲಿನ ಡೌರೋ ನದಿಯ ಕಣಿವೆಯಲ್ಲಿ ದ್ರಾಕ್ಷಿಯನ್ನು ತುಳಿದು ಹುದುಗಲು ಬಿಡುತ್ತಾರೆ. ಎರಡು-ಮೂರು ದಿನಗಳಲ್ಲಿ, ಹಣ್ಣಿನ ಸಕ್ಕರೆ ಅರ್ಧದಷ್ಟು ಉಳಿದಿರುವಾಗಲೇ, ನಾಲ್ಕು ಪಾಲು ರಸಕ್ಕೆ ಸುಮಾರು ಒಂದು ಪಾಲಿನಂತೆ ದ್ರಾಕ್ಷಿಯ ಸ್ಪಿರಿಟ್ ಸುರಿಯುತ್ತಾರೆ. ಆ ಸ್ಪಿರಿಟ್ ನೂರಕ್ಕೆ 77ರಷ್ಟು ಮದ್ಯಸಾರದ್ದು. ಹುದುಗಿಸುತ್ತಿದ್ದ ಯೀಸ್ಟ್ ಸತ್ತುಹೋಗುತ್ತದೆ, ತಿನ್ನದೆ ಬಿಟ್ಟ ಸಕ್ಕರೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಪೋರ್ಟ್ ಸಿಹಿ. ಅದರ ಮದ್ಯಸಾರ 19ರಿಂದ 22. ಸ್ಪೇನಿನ ಹೆರೆಸ್ ಪಟ್ಟಣದವರ ರೀತಿ ಇದಕ್ಕೆ ತಿರುಗಮುರುಗ. ಅವರು ಸಕ್ಕರೆಯೆಲ್ಲ ತೀರುವವರೆಗೆ ಕಾಯುತ್ತಾರೆ, ಆಮೇಲೆ ಸ್ಪಿರಿಟ್ ಹಾಕುತ್ತಾರೆ. ಅದು ಶೆರಿ. ನಮ್ಮ ಸೆರೆಗೂ ಈ ಶೆರಿಗೂ ಧ್ವನಿಯ ನೆಂಟಸ್ತಿಕೆಯೇ ಹೊರತು ಬೇರೆ ನಂಟಿಲ್ಲ. ಅದು ಆ ಪಟ್ಟಣದ ಹೆಸರೇ ಇಂಗ್ಲಿಷರ ಬಾಯಲ್ಲಿ ಸವೆದ ರೂಪ. ಹದಿನೈದರ ಹತ್ತಿರ ನಿಲ್ಲಿಸಿದರೆ ಪೀಪಾಯಿಯೊಳಗೆ ಮದ್ಯದ ಮೇಲೆ ಯೀಸ್ಟಿನ ಬಿಳಿಯ ಕೆನೆಯೊಂದು ಕಟ್ಟಿ ಗಾಳಿ ತಾಗದಂತೆ ಕಾಯುತ್ತದೆ. ಆ ತೆಳುಬಣ್ಣದ, ಒಣರುಚಿಯ ಶೆರಿಗೆ ಫಿನೊ ಎಂದು ಹೆಸರು. ಹದಿನೇಳು ದಾಟಿಸಿದರೆ ಕೆನೆ ಬದುಕದು, ಗಾಳಿ ತಾಗಿ ಕಂದುಬಣ್ಣ ಬರುತ್ತದೆ, ಅದು ಒಲೊರೊಸೊ. ಇನ್ನು ಮದೀರಾ ದ್ವೀಪದ ಮದ್ಯ. ಭೂಮಧ್ಯರೇಖೆ ದಾಟಿ ಹಿಂದೂಸ್ತಾನಕ್ಕೆ ಹೊರಟ ಹಡಗುಗಳ ಒಡಲಲ್ಲಿ ಬೆಂದು ಅದರ ರುಚಿ ಏರಿತೆಂದು ಕಂಡುಕೊಂಡು, ಅಂದಿನಿಂದ ಅದನ್ನು ಬೇಕೆಂದೇ ಕಾಯಿಸುತ್ತಾರೆ. (ಈ ಮದೀರಾಕ್ಕೂ ಸಂಸ್ಕೃತದ ಮದಿರೆಗೂ ಗಂಟು ಹಾಕುವ ಶಬ್ದಶಾಸ್ತ್ರಿಗಳು ಸ್ವಲ್ಪ ತಡೆಯಬೇಕು. ಪೋರ್ಚುಗೀಸಿನಲ್ಲಿ ಮದೀರಾ ಎಂದರೆ ಮರ, ಕಟ್ಟಿಗೆ.)

ಇವರು ಹೆಸರಿನ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ನೋಡಿರಿ. ಹದಿನೆಂಟನೆಯ ಶತಮಾನದಲ್ಲಿ ಪೋರ್ಟಿಗೆ ಬಣ್ಣ ಕಟ್ಟಲು ಎಲ್ಡರ್ ಎಂಬ ಗಿಡದ ಕಪ್ಪುಹಣ್ಣಿನ ರಸ ಬೆರೆಸುವ ದಂಧೆ ಹಬ್ಬಿತ್ತು. ಪೋರ್ಚುಗಲ್ಲಿನ ಮಂತ್ರಿ ಪೊಂಬಾಲ್ 1756ರಲ್ಲಿ ಡೌರೋ ಕಣಿವೆಗೆ ಗಡಿ ಹಾಕಿಸಿದ. ಆ ಗಿಡಗಳನ್ನೇ ಬೇರುಸಹಿತ ಕೀಳಿಸಿದ. ಅಂದಿನಿಂದ ಆ ಗಡಿಯ ಹೊರಗಿನದು ಅಲ್ಲಿ ಪೋರ್ಟ್ ಅಲ್ಲ. ಗಡಿಯ ಒಳಗಿನದಕ್ಕೂ ಬೇರೆ ಬೇರೆ ಹೆಸರು: ಎಳೆಯ, ಕೆಂಪು ಬಣ್ಣದ್ದು ರೂಬಿ, ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತು ಬೆಲ್ಲದ ಬಣ್ಣಕ್ಕೆ ತಿರುಗಿದ್ದು ಟಾನಿ, ಅದಕ್ಕೆ 10, 20, 30, 40 ವರ್ಷಗಳ ಮೊಹರು, ಒಳ್ಳೆಯ ಫಸಲಿನ ಒಂದೇ ವರ್ಷದ ಹಣ್ಣಿನದು, ಬೇಗ ಬಾಟಲಿ ಸೇರಿ ದಶಕಗಟ್ಟಲೆ ಅಲ್ಲಿಯೇ ಪಕ್ವವಾಗುವದು ವಿಂಟೇಜ್.

ನಮ್ಮಲ್ಲಿ? ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ಕಡೆ ಬೆಳೆಯುವ ‘ಬೆಂಗಳೂರು ನೀಲಿ’ ದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಹಣ್ಣಿಗೆ ತನ್ನ ಊರಿನ ಹೆಸರು ಉಂಟು. ಅದೇ ಹಣ್ಣಿನಿಂದ ಸಿಹಿಮದ್ಯ ಮಾಡಿದೊಡನೆ ಅದು ಪೋರ್ಚುಗಲ್ಲಿನ ಹೆಸರು ಹೊದ್ದು ‘ಪೋರ್ಟ್’ ಆಗುತ್ತದೆ! ಅದರಲ್ಲಿ ಹಣ್ಣಿನ ಸಕ್ಕರೆ ಎಷ್ಟು, ಗಿರಣಿಯ ಸಕ್ಕರೆ ಎಷ್ಟು, ಸ್ಪಿರಿಟ್ ಹಾಕಿದ್ದಾರೋ ಇಲ್ಲವೋ, ಹಾಕಿದ್ದರೆ ಯಾತರದು, ಇವೊಂದೂ ಆ ಹೆಸರಿನಿಂದ ತಿಳಿಯುವಂತಿಲ್ಲ. ಇದಕ್ಕಿಂತ ದೊಡ್ಡ ವಿನೋದ ನಮ್ಮ ಬಜಾರದ ಬೋರ್ಡುಗಳದು. ‘ವೈನ್ಸ್’ ಎಂದು ಮೂರಡಿ ಅಕ್ಷರದಲ್ಲಿ ಬರೆದ ಅಂಗಡಿಯ ಕಪಾಟಿನ ತುಂಬ ವಿಸ್ಕಿ, ರಮ್ಮು, ಬ್ರಾಂದಿ. ವೈನು ಮೂಲೆಯಲ್ಲಿ ಧೂಳು ಹಿಡಿದಿರುತ್ತದೆ.

ನಮ್ಮ ಹಿರಿಯರು ಇಷ್ಟು ಸೋಮಾರಿಗಳಾಗಿರಲಿಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕೆಲಸ ಹೇಳುವಾಗ ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಒಂದೊಂದನ್ನು ಬಿಡಿಸಿ, ಯಾವುದಕ್ಕೆ ಯಾವ ಪದಾರ್ಥ ಎಂಬುದನ್ನು ಅಳತೆಯೊಡನೆ ಬರೆಯುತ್ತಾನೆ. ದ್ರಾಕ್ಷಿಯದಕ್ಕೆ ಮಧುವೆಂದೇ ಹೆಸರು. ನಮ್ಮ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮದ್ಯಗಳ ವಿಚಾರಕ್ಕೆ ಪ್ರತ್ಯೇಕ ಭಾಗವಿದೆ. ಅದೇ ಕಲ್ಯಾಣದ ಶರಣರಲ್ಲಿ ಒಬ್ಬನ ಹೆಸರು ಹೆಂಡದ ಮಾರಯ್ಯ. ಕಾಯಕವನ್ನು ಹೆಸರಿನ ಮುಂದೆಯೇ ಇಟ್ಟುಕೊಂಡು ಅನುಭಾವಿಗಳ ಸಾಲಿನಲ್ಲಿ ಕೂತವನು ಆತ. ಇಂದಿನ ಪಂಡಿತರ ಕೈಗೆ ಸಿಕ್ಕಿದ್ದರೆ ‘ಪಾನೀಯದ ಮಾರಯ್ಯ’ನಾಗುತ್ತಿದ್ದ. ನಮ್ಮ ಕಾಲಕ್ಕೆ ಹತ್ತಿರದ ರಾಜರತ್ನಂ ಅವರೂ ತಮ್ಮ ರತ್ನನ ಬಾಯಲ್ಲಿ ಎಂಡವನ್ನು ಎಂಡವೆಂದೇ ಕರೆಸಿದರು.

ಕನ್ನಡ ಬೈಬಲಿನಲ್ಲಿಯೂ ‘ದ್ರಾಕ್ಷಾರಸ’ವೇ ಇದೆಯಲ್ಲ ಎಂದು ಯಾರಾದರೂ ಅಂದಾರು. ನಿಜ. ಅಲ್ಲಿ ಅದು ಶತಮಾನಗಳ ಪೂಜೆಯ ಭಾಷೆ. ಕಾನಾ ಊರಿನ ಮದುವೆಯ ಕಥೆ ಓದಿ ಯಾರೂ ಬಾಣಂತಿಗೆ ಔಷಧದ ಅಳತೆ ಹಾಕುವದಿಲ್ಲ. ಅಂಗಡಿಯ ಮಾತಿಗೆ ಬೇರೆ ಹೊಣೆ ಇದೆ.

ಆ ಟಾನಿಕ್ಕಿನ ನಂಬಿಕೆ ಬಂದದ್ದಾದರೂ ಎಲ್ಲಿಂದ? ಮೆಡೋಸ್ ಟೇಲರ್ ಸುರಪುರದಲ್ಲಿ ಆಡಳಿತ ನಡೆಸುತ್ತಿದ್ದ 1840ರ ದಶಕದಲ್ಲಿ ಪೋರ್ಟ್, ಶೆರಿ, ಮದೀರಾಗಳು ಹಿಂದೂಸ್ತಾನದ ಇಂಗ್ಲಿಷ್ ಅಧಿಕಾರಿಗಳ ಊಟದ ಮೇಜಿನ ವಾಡಿಕೆಯಾಗಿದ್ದವು. ವಿಲಾಯತಿ ವೈದ್ಯರು ನಿಶ್ಶಕ್ತಿಯ ರೋಗಿಗಳಿಗೆ ಪೋರ್ಟನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ವಿಲಾಯತಿಯ ವೈದ್ಯರು ಆ ಚೀಟಿಯನ್ನು ಎಂದೋ ಹರಿದು ಹಾಕಿದರು. ನಾವು ಇನ್ನೂ ಜೋಪಾನ ಮಾಡಿ ಇಟ್ಟುಕೊಂಡಿದ್ದೇವೆ. ಪೋರ್ಟಿನ ಕೆಂಪು ದ್ರಾಕ್ಷಿಯ ಸಿಪ್ಪೆಯ ಬಣ್ಣ. ಅದರಿಂದ ರಕ್ತವಾಗುವದಾದರೆ ಬೀಟ್ರೂಟಿನಿಂದಲೂ, ಕುಂಕುಮದಿಂದಲೂ ಆಗಬೇಕು. ಲೆಕ್ಕವನ್ನೇ ಹಾಕಿ ನೋಡೋಣ. ಹದಿನಾರರ ಬಲದ ಮದ್ಯ 180 ಮಿಲಿಲೀಟರು ಕುಡಿದರೆ ಹೊಟ್ಟೆಗೆ ಹೋಗುವ ಮದ್ಯಸಾರ 28 ಮಿಲಿಲೀಟರಿಗೂ ಹೆಚ್ಚು. ನಮ್ಮ ವಿಸ್ಕಿಯ ದೊಡ್ಡ ಪೆಗ್ಗು, ಅಂದರೆ 60 ಮಿಲಿಲೀಟರು, ಕೊಡುವದು ಸುಮಾರು 26. ಅದೇ ಲೋಟದ ತುಂಬ ಸಿಂದಿ ಹಾಕಿದ್ದರೆ ಒಂಬತ್ತರ ಸುಮಾರು. ತಾಯಿಯ ರಕ್ತಕ್ಕೆ ಸೇರಿದ ಮದ್ಯಸಾರ ಎದೆಹಾಲಿಗೂ ಸೇರುತ್ತದೆ, ಗರ್ಭದ ಶಿಶುವಿಗೂ ಮುಟ್ಟುತ್ತದೆ. ಮದ್ಯ ಇಷ್ಟರ ಮಟ್ಟಿಗೆ ನಿರಪಾಯ ಎಂಬ ಗೆರೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿಯಾಗಿದೆ. ಹದಿನೈದು ದಿನದ ಕೂಸು ಯಾವ ಅಂಗಡಿಗೂ ಹೋಗಿ ಕೇಳಿಕೊಂಡು ಬಂದದ್ದಲ್ಲ.

ಇದರಲ್ಲಿ ಜಾತಿ-ವರ್ಗಗಳ ಮಾತೂ ಸೇರಿದೆ, ಬಿಟ್ಟರೆ ಅಪ್ರಾಮಾಣಿಕತೆಯಾದೀತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಎಷ್ಟೋ ಹೆಂಗಸರು ಕಣ್ಣೀರು ಒರೆಸಿಕೊಂಡರು. ಅದನ್ನು ನಾನು ಹೀಗಳೆಯುವವನಲ್ಲ. ಸಿಂದಿಗೂ ನಮ್ಮ ಸೀಮೆಯಲ್ಲಿ ಬಂದಿಯೇ ಇದೆ. ಕದ್ದು ಮಾರುವ ಸಿಂದಿಗೆ ಸಿ.ಎಚ್. ಪೌಡರ್ ಎಂಬ ವಿಷ ಬೆರೆಸುತ್ತಾರೆಂಬುದನ್ನು ಗಡಿಭಾಗದವರಿಗೆ ಹೇಳಬೇಕಿಲ್ಲ. ಆದರೆ ಅದೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಎಂಬುದೂ ಹೊರಬಂತು, ವೈನ್ ಮಂಡಳಿಯೂ ಆಯಿತು, ವೈನಿನ ಮೇಳಗಳೂ ನಡೆದವು. ದ್ರಾಕ್ಷಿಯ ರೈತನಿಗೆ ದರ ಸಿಗಲಿ, ಬೇಡವೆನ್ನುವದಿಲ್ಲ. ನನ್ನ ಪ್ರಶ್ನೆ ಭಾಷೆಯದು. ಮರದಿಂದ ಇಳಿದರೆ ‘ಮಾದಕ ಪದಾರ್ಥ’, ಬಳ್ಳಿಯಿಂದ ಇಳಿದರೆ ‘ತೋಟಗಾರಿಕೆಯ ಮೌಲ್ಯವರ್ಧನೆ’! ಕೂಲಿಕಾರ ಕುಡಿದರೆ ಅವನು ಕುಡುಕ. ನಾವು ಕುಡಿದರೆ ಅದು ಹೃದಯಕ್ಕೆ ಹಿತ.

ಅಂದಮೇಲೆ ಇವನೊಬ್ಬ ಒಣ ವ್ರತಸ್ಥ ಎಂದು ತಿಳಿಯಬೇಡಿರಿ. ಹಳೆಯ ವಿದ್ಯಾರ್ಥಿಯೊಬ್ಬ ಪರದೇಶದಿಂದ ತಂದ ಹತ್ತು ವರ್ಷದ ಟಾನಿಯನ್ನು ನಾನೂ ಒಮ್ಮೆ ರುಚಿ ನೋಡಿದ್ದೇನೆ. ಊಟವಾದ ಮೇಲೆ, ಸ್ವಲ್ಪ ತಣ್ಣಗೆ ಮಾಡಿ, ಅರಿಷ್ಟದ ಅಳತೆಗೆ ತುಸು ಮಿಗಿಲಾದ ಒಂದು ಕಿರುಗ್ಲಾಸು. ತುಪ್ಪದಲ್ಲಿ ಹುರಿದ ಗೋಡಂಬಿ, ಉತ್ತತ್ತಿ, ಎಳೆಪಾಕದ ಬೆಲ್ಲ, ಇವುಗಳ ವಾಸನೆ ಒಂದರ ಹಿಂದೆ ಒಂದು ಬಂದು ನಾಲಿಗೆಯ ಮೇಲೆ ಬಹಳ ಹೊತ್ತು ನಿಂತವು. ಎರಡನೆಯ ಗ್ಲಾಸಿಗೆ ಆತನೂ ಕೇಳಲಿಲ್ಲ, ನನಗೂ ಬೇಕೆನಿಸಲಿಲ್ಲ. ಫಿನೊ ಶೆರಿಯನ್ನು ಚೆನ್ನಾಗಿ ತಣಿಸಿ ಊಟಕ್ಕೆ ಮೊದಲು ಬಾದಾಮಿಯೊಡನೆ ಸೇವಿಸುವದು ಅಲ್ಲಿಯವರ ಕ್ರಮವಂತೆ, ಆತನೇ ಹೇಳಿದ್ದು. ಏನು ಕುಡಿಯುತ್ತಿದ್ದೇನೆ, ಎಷ್ಟು ಕುಡಿಯುತ್ತಿದ್ದೇನೆ ಎಂದು ಅರಿತವನಿಗೆ ಮಾತ್ರ ಈ ನಿಧಾನ ಸಾಧ್ಯ. ಔಷಧವೆಂದು ಮೂಗು ಹಿಡಿದು ನುಂಗುವವಳಿಗೆ ರುಚಿಯೂ ಇಲ್ಲ, ಹಾನಿ ಮಾತ್ರ ಪೂರ್ತಿ.

ನನ್ನ ಬೇಡಿಕೆ ಸಣ್ಣದು. ನಿಘಂಟಿನವರು ‘ಬಲವರ್ಧಿತ ದ್ರಾಕ್ಷಾರಸ’ವನ್ನು ಹೊಡೆದು ಹಾಕಿ ‘ಸ್ಪಿರಿಟ್ ಕೂಡಿಸಿದ ದ್ರಾಕ್ಷಿಮದ್ಯ’ ಎಂದು ಬರೆಯಲಿ. ಉದ್ದವಾಯಿತೆನ್ನುವವರು ‘ಕೂಡುಮದ್ಯ’ ಎನ್ನಲಿ, ನನ್ನ ಅಡ್ಡಿಯಿಲ್ಲ. ಮದ್ಯದ ಬಾಟಲಿಯ ಮೇಲಿನ ಎಚ್ಚರಿಕೆಯನ್ನು ರಾಜ್ಯಗಳು ಬಯಸಿದರೆ ತಮ್ಮ ಭಾಷೆಯಲ್ಲಿ ಮುದ್ರಿಸಲು ಕೇಂದ್ರದ ಆಹಾರ ಸುರಕ್ಷತಾ ನಿಯಮಗಳೇ ಅವಕಾಶ ಕೊಟ್ಟಿವೆ. ಅದಕ್ಕೆ ಕೂಡಿಸಿ, ನಮ್ಮಲ್ಲಿ ಮಾರುವ ಪ್ರತಿಯೊಂದು ‘ಪೋರ್ಟ್’ ಬಾಟಲಿಯ ಮುಂಭಾಗದಲ್ಲಿ, ಬ್ರ್ಯಾಂಡಿನ ಹೆಸರಿನಷ್ಟೇ ದಪ್ಪದ ಕನ್ನಡ ಅಕ್ಷರಗಳಲ್ಲಿ, ಇದು ಬಸುರಿ-ಬಾಣಂತಿಯರಿಗೆ ಕೂಡದು ಎಂದು ಬರೆಸಲಿ. ಒಳಗಿನದು ಯಾವ ಊರಿನ ಯಾವ ದ್ರಾಕ್ಷಿ, ಹೊರಗಿನಿಂದ ಹಾಕಿದ ಸಕ್ಕರೆ ಎಷ್ಟು, ಸ್ಪಿರಿಟ್ ಎಷ್ಟು, ಆ ಸ್ಪಿರಿಟ್ ದ್ರಾಕ್ಷಿಯದೋ ಕಾಕಂಬಿಯದೋ, ಅದನ್ನೂ ಬರೆಸಲಿ.