ಆಡಳಿತ ವಿದ್ಯೆಯೂ ನಮ್ಮ ತರುಣರೂ

ಪದವಿ ಪರೀಕ್ಷೆಯಲ್ಲಿ ತೇರ್ಗಡೆಯಾದ ನಮ್ಮ ತರುಣ ತರುಣಿಯರಲ್ಲಿ ಹಲವರು ಸಾರ್ವಜನಿಕ ಆಡಳಿತದಲ್ಲಿ ಇಲ್ಲವೆ ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಲು ಮನಸ್ಸು ಮಾಡುತ್ತಿರುವದು ಸಂತೋಷದ ಸಂಗತಿಯಾಗಿದೆ. ರಾಜ್ಯಸೂತ್ರಗಳು ಪರರ ಕೈಯಲ್ಲಿದ್ದ ಕಾಲದಲ್ಲಿ ಕಾರಕೂನಿಕೆಯೇ ನಮ್ಮ ವಿದ್ಯೆಯ ಪರಮಾವಧಿಯಾಗಿತ್ತು. ಪ್ರಜೆಗಳೇ ಪ್ರಭುಗಳಾದ ದೇಶದಲ್ಲಿ ಆಳುವ ವಿದ್ಯೆಯನ್ನು ಶಾಸ್ತ್ರೀಯವಾಗಿ ಕಲಿಯಬೇಕೆಂಬ ಹಂಬಲವು ಸಹಜವೂ ಶ್ಲಾಘ್ಯವೂ ಆದದ್ದು. ಆದರೆ ಈ ಎರಡು ಪದವಿಗಳ ಭೇದವನ್ನರಿಯದೆ, ಹೆಸರಿನ ಹೊಳಪಿಗೆ ಮರುಳಾಗಿ, ತಂದೆತಾಯಿಗಳು ಸಾಲ ಮಾಡಿ ತಂದ ಹಣವನ್ನು ಸುರಿಯುವವರೂ ಇದ್ದಾರೆ. ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತುಗಳನ್ನು ಸ್ಪಷ್ಟವಾಗಿ ಹೇಳುವದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಈ ವಿದ್ಯೆಯು ನಮಗೆ ಪರಕೀಯವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗ್ರಂಥವು ಬೆಳಕಿಗೆ ಬಂದದ್ದು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ. ೧೯೦೫ರಲ್ಲಿ ಅದನ್ನು ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದವರು ವಿದ್ವಾನ್ ಆರ್. ಶಾಮಶಾಸ್ತ್ರಿಗಳು. ಅಮೆರಿಕದಲ್ಲಿ ೧೮೮೭ರಲ್ಲಿ ವುಡ್ರೊ ವಿಲ್ಸನ್ನರು ಬರೆದ ಪ್ರಬಂಧವೊಂದರಿಂದ ಈ ಶಾಸ್ತ್ರದ ನವೀನ ರೂಪವು ಮೊದಲಾಯಿತೆಂದು ವಿದ್ವಾಂಸರು ಎಣಿಸುತ್ತಾರೆ. ನಮ್ಮ ದೇಶದಲ್ಲಿ ೧೯೫೪ರಲ್ಲಿ ದಿಲ್ಲಿಯಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆಯು ಸ್ಥಾಪಿತವಾಯಿತು. ಸಾರ್ವಜನಿಕ ನೀತಿಯ ಪದವಿಯಾದರೋ ಇತ್ತೀಚಿನದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ೧೯೮೮ರಿಂದ ಕಾನೂನನ್ನು ಬೋಧಿಸುತ್ತ ಬಂದಿದ್ದು, ಆ ಪದವಿಯನ್ನು ಆರಂಭಿಸಿದ್ದು ೨೦೧೪ರಲ್ಲಿ.

ಹಾಗಾದರೆ ಇವೆರಡರ ಭೇದವೇನು? ಒಂದು ಉದಾಹರಣೆಯಿಂದ ಅದು ಮನದಟ್ಟಾಗುವದು. ಈ ಶತಮಾನದ ಆದಿಯಲ್ಲಿ ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಗ್ರಾಮಲೆಕ್ಕಿಗನ ಕೈಬರಹದ ಕಾಗದಕ್ಕೆ ಬದಲಾಗಿ ತಾಲೂಕು ಕಚೇರಿಯಲ್ಲಿ ೧೫ ರೂಪಾಯಿಗೆ ಮುದ್ರಿತ ಪ್ರತಿಯು ರೈತನ ಕೈಗೆ ಬರತೊಡಗಿತು. ಅರ್ಜಿಯನ್ನು ಯಾರು ಸ್ವೀಕರಿಸಬೇಕು, ಖಾತೆ ಬದಲಾವಣೆಯು ಯಾರ ಅಪ್ಪಣೆಯಿಂದ ಪೂರ್ಣವಾಗಬೇಕು, ಹಣವುಳ್ಳವನು ಸರದಿಯನ್ನು ಮುರಿಯದಂತೆ ತಡೆಯುವದು ಹೇಗೆ, ತಪ್ಪಿದ ಅಧಿಕಾರಿಯು ಯಾರಿಗೆ ಉತ್ತರ ಕೊಡಬೇಕು—ಇವು ಆಡಳಿತಶಾಸ್ತ್ರದ ಪ್ರಶ್ನೆಗಳು. ಈ ಏರ್ಪಾಡಿನಿಂದ ಯಾರಿಗೆ ಎಷ್ಟು ಲಾಭವಾಯಿತು, ಬಾಯಿಮಾತಿನ ಕರಾರಿನ ಮೇಲೆ ಪಾಲಿಗೆ ಉಳುವವನ ಗತಿಯೇನು, ಗಂಡನ ಹೊಲದ ದಾಖಲೆಯಲ್ಲಿ ತನ್ನ ಹೆಸರೇ ಇಲ್ಲದ ವಿಧವೆಗೆ ದೊರೆತದ್ದೇನು, ಇದೇ ವೆಚ್ಚದಲ್ಲಿ ಇದಕ್ಕಿಂತ ಮೇಲಾದ ಉಪಾಯವಿದ್ದಿತೆ—ಇವು ನೀತಿಯ ಪ್ರಶ್ನೆಗಳು. ಮೊದಲನೆಯ ವ್ಯಾಸಂಗದಲ್ಲಿ ಕಚೇರಿಯ ರಚನೆ, ನೌಕರವರ್ಗ, ಆಯವ್ಯಯ, ಆಡಳಿತದ ಕಾಯದೆ ಇವುಗಳಿಗೆ ಪ್ರಾಧಾನ್ಯ. ಎರಡನೆಯದರಲ್ಲಿ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಹಾಗೂ ಯೋಜನೆಗಳ ಫಲಾಫಲ ವಿಚಾರಕ್ಕೆ ಪ್ರಾಧಾನ್ಯ.

ಒಂದು ಹಿರಿದು, ಇನ್ನೊಂದು ಕಿರಿದು ಎಂದು ಮಾತ್ರ ಯಾರೂ ಬಗೆಯಬಾರದು. ೧೯೫೬ನೆಯ ನವೆಂಬರ್ ೧ರಂದು ಕನ್ನಡ ಪ್ರದೇಶಗಳು ಒಂದೇ ರಾಜ್ಯದಲ್ಲಿ ಕೂಡಿದವು. ಆದರೆ ಕಂದಾಯದ ಕಟ್ಟಳೆಗಳು ಅದೇ ದಿನ ಕೂಡಲಿಲ್ಲ. ಧಾರವಾಡದ ರೈತನಿಗೆ ಮುಂಬಯಿಯ ೧೮೭೯ರ ಕಾಯದೆ, ಮೈಸೂರಿನವನಿಗೆ ೧೮೮೮ರ ಕಾಯದೆ, ಕಲಬುರ್ಗಿಯವನಿಗೆ ನಿಜಾಮರ ಫಸಲಿ ೧೩೧೭ರ ಕಾಯದೆ. ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯದೆಯು ಜಾರಿಗೆ ಬಂದದ್ದು ೧೯೬೪ರಲ್ಲಿ. ಏಕೀಕರಣವೆಂಬ ಧ್ಯೇಯವು ಜನರ ಹೃದಯದಲ್ಲಿ ಹುಟ್ಟಿತು. ಅದು ರೈತನ ಖಾತೆಯವರೆಗೆ ಮುಟ್ಟಬೇಕಾದರೆ ಹೆಸರಿಲ್ಲದ ಅನೇಕ ಅಧಿಕಾರಿಗಳು ವರ್ಷಗಟ್ಟಲೆ ಕಡತಗಳ ಮುಂದೆ ಕುಳಿತು ದುಡಿಯಬೇಕಾಯಿತು. ಧ್ಯೇಯವಿಲ್ಲದ ಆಡಳಿತವು ಗಾಣದೆತ್ತಿನ ತಿರುಗಾಟ. ಆಡಳಿತವಿಲ್ಲದ ಧ್ಯೇಯವು ಬರಿಯ ಭಾಷಣ.

ಇನ್ನು ಒಂದು ಭ್ರಮೆಯನ್ನು ನಿವಾರಿಸುವದು ಅವಶ್ಯ. ಈ ಪದವಿಯನ್ನು ಪಡೆದರೆ ಕಲೆಕ್ಟರರ ಕುರ್ಚಿಯು ತಾನಾಗಿ ದೊರೆಯುವದೆಂದು ನಂಬಿದವರು ಕಡಿಮೆಯಿಲ್ಲ. ಅದು ಹಾಗಲ್ಲ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಯಾವದೇ ವಿಷಯದ ಪದವಿ ಸಾಕು. ಅಲ್ಲಿ ಸಾರ್ವಜನಿಕ ಆಡಳಿತವು ಅನೇಕ ಐಚ್ಛಿಕ ವಿಷಯಗಳಲ್ಲಿ ಒಂದು ಮಾತ್ರ. ಒಟ್ಟು ೨೦೨೫ ಅಂಕಗಳಲ್ಲಿ ಐಚ್ಛಿಕ ವಿಷಯಕ್ಕೆ ಮೀಸಲಾದವು ೫೦೦. ಪರೀಕ್ಷೆಯೊಂದೇ ಗುರಿಯಾದವನು ಆ ವಿಷಯವನ್ನು ಮನೆಯಲ್ಲಿಯೇ ಓದಿಕೊಳ್ಳಬಲ್ಲನು. ಅದಕ್ಕಾಗಿ ಎರಡು ವರ್ಷಗಳನ್ನೂ ಲಕ್ಷಗಟ್ಟಲೆ ಶುಲ್ಕವನ್ನೂ ವ್ಯಯಿಸಬೇಕಾಗಿಲ್ಲ. ಪಂಚಾಯತಿ, ನಗರಸಭೆ, ಶಾಲೆ, ಆಸ್ಪತ್ರೆ, ನೀರಾವರಿ ಇವುಗಳ ಒಳಮರ್ಮವನ್ನು ಅರಿತು, ಅಧಿಕಾರವಿರಲಿ ಇಲ್ಲದಿರಲಿ ಆ ಕ್ಷೇತ್ರದಲ್ಲಿಯೇ ಬಾಳನ್ನು ಸವೆಯಿಸುವೆನೆನ್ನುವವನಿಗೆ ಮಾತ್ರ ಈ ವ್ಯಾಸಂಗವು ಸಾರ್ಥಕ.

ಅಂಥವನು ವಿದ್ಯಾಸಂಸ್ಥೆಯನ್ನು ಆರಿಸುವಾಗ ಕಟ್ಟಡವನ್ನೂ ಜಾಹೀರಾತನ್ನೂ ನೋಡಿ ಮೋಸಹೋಗದಿರಲಿ. ಸರಕಾರದ ಆಯವ್ಯಯ ಪತ್ರವನ್ನು ಬಿಡಿಸಿ ಓದಲು ಅಲ್ಲಿ ಕಲಿಸುವರೆ? ಅಂಕಿಗಳನ್ನು ತೂಗಿ ನೋಡುವ ಅಭ್ಯಾಸ ಮಾಡಿಸುವರೆ? ೧೯೯೩ರ ಪಂಚಾಯತ ರಾಜ್ಯ ಕಾಯದೆಯಂಥ ಶಾಸನವನ್ನು ಮೂಲದಲ್ಲಿಯೇ ಓದಿಸುವರೆ? ವಿದ್ಯಾರ್ಥಿಯನ್ನು ಕೆಲವು ತಿಂಗಳ ಮಟ್ಟಿಗಾದರೂ ಹಳ್ಳಿಗೆ ಇಲ್ಲವೆ ಕಚೇರಿಗೆ ಕಳುಹಿಸುವರೆ? ಹಿಂದೆ ಕಲಿತು ಹೊರಬಿದ್ದವರು ಈಗ ಎಲ್ಲಿ, ಏನು ಕೆಲಸ ಮಾಡುತ್ತಿದ್ದಾರೆ? ಈ ಪ್ರಶ್ನೆಗಳಿಗೆ ನೇರವಾದ ಉತ್ತರ ಕೊಡದ ಸಂಸ್ಥೆಗೆ ಮನೆಯವರ ದುಡಿಮೆಯ ಹಣವನ್ನು ಒಪ್ಪಿಸಲಾಗದು.

ಕೊನೆಯದಾಗಿ ಭಾಷೆಯ ಮಾತು. ಕನ್ನಡವು ಈ ರಾಜ್ಯದ ಆಡಳಿತ ಭಾಷೆಯೆಂದು ೧೯೬೩ರಲ್ಲಿಯೇ ಶಾಸನವಾಗಿದೆ. ಗ್ರಾಮಸಭೆಯ ನಡಾವಳಿಯೂ ರೈತನ ಅರ್ಜಿಯೂ ಕನ್ನಡದಲ್ಲಿವೆ. ಆದರೆ ನೀತಿಯ ಉಚ್ಚ ಶಿಕ್ಷಣವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆದಿದೆ. ಇಂಗ್ಲಿಷನ್ನು ನಾವು ದ್ವೇಷಿಸುವದಿಲ್ಲ; ಜಗತ್ತಿನ ಅನುಭವವು ಅದರ ಮೂಲಕ ನಮಗೆ ಬರಲಿ. ಆದರೆ ಒಂದು ಹೋಬಳಿಯ ಮೇಲೆ ನೂರು ಪುಟಗಳ ವರದಿ ಬರೆದು, ಅದೇ ಹೋಬಳಿಯ ಒಂದು ಕಡತವನ್ನು ಓದಲಾರದವನು ಪ್ರಜೆಗಳ ಆಡಳಿತವನ್ನು ಕಲಿತನೆಂದು ನಾವು ಹೇಗೆ ಒಪ್ಪೋಣ? ನಮ್ಮ ವಿಶ್ವವಿದ್ಯಾಲಯಗಳು ಈ ಶಾಸ್ತ್ರದ ಉತ್ತಮ ಗ್ರಂಥಗಳನ್ನು ಕನ್ನಡದಲ್ಲಿ ಹೊರತಂದು, ಕನ್ನಡದಲ್ಲಿಯೂ ಉತ್ತಮವಾಗಿ ಬೋಧಿಸುವ ಭಾರವನ್ನು ಹೊರಬೇಕು.

ತರುಣರೇ, ಈ ವಿದ್ಯೆಯನ್ನು ಅವಶ್ಯವಾಗಿ ಕಲಿಯಿರಿ. ಆದರೆ ಯಾವ ಪದವಿಯೆಂದು ಕೇಳುವ ಮೊದಲು ಯಾವ ಕೆಲಸಕ್ಕಾಗಿ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಆ ಉತ್ತರವು ದೊರೆತವನಿಗೆ ಪದವಿಯ ಆಯ್ಕೆಯು ಕಷ್ಟವಾಗದು.